ಹೊಟ್ಟೆನೋವೆಂದು ಬರುವ ಹೆಣ್ಣುಮಕ್ಕಳನ್ನು ಒಂದು ತುರ್ತು ವಿಭಾಗ ನೋಡಿಕೊಳ್ಳುವ ರೀತಿ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿರುವ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬಗ್ಗೆ ಈ ವಿಮರ್ಶೆ. ಕಟ್ಟಡ, ಕ್ಯಾಂಟೀನು, ವಾಹನ ನಿಲ್ಲಿಸುವ ಜಾಗ ಮುಂತಾದವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಾನು ಇಲ್ಲಿ ನೋಡುವುದು ಒಂದೇ ವಿಷಯವನ್ನು: ಇದ್ದಕ್ಕಿದ್ದಂತೆ ತೀವ್ರವಾದ ಹೊಟ್ಟೆನೋವು ಬಂದ ಹೆಣ್ಣುಮಗಳೊಬ್ಬಳು ಆ ಬಾಗಿಲಿನೊಳಗೆ ಹೋದರೆ, ನೋವಿನ ಕಾರಣವನ್ನು ಅಲ್ಲಿಯವರು ಎಷ್ಟು ಬೇಗ, ಎಷ್ಟು ಸರಿಯಾಗಿ ಹುಡುಕುತ್ತಾರೆ ಎಂಬುದನ್ನು. ಹಲವು ವರ್ಷ ವಾರ್ಡುಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು, ಈಗ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಹೇಳುತ್ತಿದ್ದೇನೆ. ಈ ಆಸ್ಪತ್ರೆಗೂ ನನಗೂ ಉದ್ಯೋಗದ ಸಂಬಂಧವಿಲ್ಲ; ಹೋದದ್ದೆಲ್ಲ ರೋಗಿಯ ಕಡೆಯವಳಾಗಿ. ಮೆಚ್ಚುಗೆಯ ಜೊತೆಗೆ ಆಕ್ಷೇಪಗಳೂ ಇರುವುದರಿಂದ, ಮತ್ತು ಮನೆಯವರ, ವಿದ್ಯಾರ್ಥಿನಿಯರ ಖಾಸಗಿ ವಿಷಯಗಳು ಬರುವುದರಿಂದ, ಆಸ್ಪತ್ರೆಯ ಹೆಸರನ್ನು ಬರೆದಿಲ್ಲ. ಯಾರ ಬಗ್ಗೆ ಬರೆದಿದ್ದೇನೋ ಅವರ ಒಪ್ಪಿಗೆ ಪಡೆದಿದ್ದೇನೆ.

ಗಂಡಸರಿಗೆ ಬಲಗಡೆ ಕೆಳಹೊಟ್ಟೆಯಲ್ಲಿ ನೋವು ಬಂದರೆ ವೈದ್ಯರು ಮೊದಲು ಅಪೆಂಡಿಕ್ಸನ್ನು, ಆಮೇಲೆ ಮೂತ್ರನಾಳದ ಕಲ್ಲನ್ನು ನೆನೆಯುತ್ತಾರೆ. ಹೆಂಗಸರಲ್ಲಿ ಅದೇ ಜಾಗದ ನೋವಿಗೆ ಇವೆರಡಲ್ಲದೆ ಗರ್ಭಕೋಶಕ್ಕೆ ಬರದೆ ಗರ್ಭನಾಳದಲ್ಲಿಯೇ ನಿಂತ ಗರ್ಭ, ತಿರುಚಿಕೊಂಡ ಅಂಡಾಶಯ, ಒಡೆದ ಅಂಡಾಶಯದ ನೀರುಗುಳ್ಳೆ, ಗರ್ಭಕೋಶ ಮತ್ತು ಗರ್ಭನಾಳಗಳ ಸೋಂಕು, ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್, ಕೊನೆಗೆ ತಿಂಗಳ ನಡುವೆ ಅಂಡ ಬಿಡುಗಡೆಯಾಗುವಾಗ ಬರುವ ಅಪಾಯವಿಲ್ಲದ ನೋವು ಕೂಡ ಕಾರಣವಾಗಬಹುದು. ಇವುಗಳಲ್ಲಿ ಕೆಲವು ನಾಳೆಯವರೆಗೆ ಕಾಯಬಲ್ಲವು, ಕೆಲವಕ್ಕೆ ಒಂದು ಗಂಟೆಯ ತಡವೂ ಪ್ರಾಣಕ್ಕೆ ಸಂಚಕಾರ. ಮಂಚದ ಮೇಲೆ ಮುದುಡಿ ಮಲಗಿದವಳನ್ನು ನೋಡಿದೊಡನೆ ಯಾವುದು ಯಾವುದೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಇಷ್ಟು ಕಾರಣಗಳಿರುವ ನೋವಿಗೆ ನಮ್ಮ ಕಡೆ ಮನೆಯಲ್ಲೂ ಎಷ್ಟೋ ಕ್ಲಿನಿಕ್ಕುಗಳಲ್ಲೂ ಇರುವ ಹೆಸರು ಒಂದೇ, ಗ್ಯಾಸ್ಟ್ರಿಕ್. ಬಟ್ಟಿ ಬಿದ್ದಿದೆ, ಅಂದರೆ ಹೊಕ್ಕುಳು ಜರುಗಿದೆ ಎಂದು ಎಣ್ಣೆ ಹಚ್ಚಿ ಹೊಟ್ಟೆ ನೀವಿಸುವ ರೂಢಿಯೂ ಉಳಿದಿದೆ. ಒಳಗೆ ಗರ್ಭನಾಳ ಒಡೆಯುವ ಹಂತದಲ್ಲಿದ್ದರೆ ಹಾಗೆ ಒತ್ತಿ ನೀವುವುದು ಎಂಥ ಅಪಾಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನ ಹೆಂಡತಿಗೆ ಬೆಳಿಗ್ಗೆ ಕೆಳಹೊಟ್ಟೆಯಲ್ಲಿ ನೋವು ಶುರುವಾಯಿತು. ಅವಳಿಗೆ ಇಬ್ಬರು ಮಕ್ಕಳು. ಎರಡನೆಯ ಹೆರಿಗೆಯಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದರು. ಊರಿನ ಕ್ಲಿನಿಕ್ಕಿನಲ್ಲಿ ಆಮ್ಲೀಯತೆಗೆ ಒಂದು, ನೋವಿಗೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮುಟ್ಟಿನ ವಿಷಯ ಕೇಳಲಿಲ್ಲ, ನಾಡಿಯನ್ನೂ ನೋಡಲಿಲ್ಲ. ಸಂಜೆ ಬಚ್ಚಲಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕುಳಿತಾಗ ತಮ್ಮ ನನಗೆ ಫೋನ್ ಮಾಡಿದ. ಅವರು ಆಸ್ಪತ್ರೆ ತಲುಪುವ ಹೊತ್ತಿಗೆ ನಾನೂ ಅಲ್ಲಿಗೆ ಬಂದಿದ್ದೆ.

ಬಾಗಿಲಿನಲ್ಲಿದ್ದ ನರ್ಸ್ ಮೊದಲು ಚೀಟಿ ಮಾಡಿಸಿಕೊಂಡು ಬನ್ನಿ ಎನ್ನಲಿಲ್ಲ. ನೇರವಾಗಿ ಒಳಗೆ ಕರೆದುಕೊಂಡು ಮಲಗಿಸಿ, ಬೆರಳಿಗೆ ಯಂತ್ರ ಸಿಕ್ಕಿಸಿದ್ದರೂ ಕೈಹಿಡಿದು ನಾಡಿ ಎಣಿಸಿದರು. ನಾಡಿ 118, ರಕ್ತದೊತ್ತಡ 104/70. ಒತ್ತಡದ ಅಂಕಿಯನ್ನಷ್ಟೇ ನೋಡುವವರು ಪರವಾಗಿಲ್ಲ ಎಂದುಬಿಡುತ್ತಾರೆ. ಆ ನರ್ಸ್ ಎರಡು ಅಂಕಿಗಳನ್ನೂ ಕೇಸ್ ಶೀಟಿನಲ್ಲಿ ಒಂದರ ಕೆಳಗೊಂದು ಬರೆದು, ನಾಡಿಯ ಸುತ್ತ ವೃತ್ತ ಎಳೆದು, ಡ್ಯೂಟಿ ಡಾಕ್ಟರನ್ನು ಕೂಗಿ ಕರೆದರು. ಆರೋಗ್ಯವಂತರಾದ ಎಳೆಯ ವಯಸ್ಸಿನ ಹೆಂಗಸರಲ್ಲಿ ಒಳಗೆ ರಕ್ತ ಸೋರುತ್ತಿದ್ದರೂ ದೇಹ ರಕ್ತನಾಳಗಳನ್ನು ಬಿಗಿಹಿಡಿದು ಒತ್ತಡವನ್ನು ಬಹಳ ಹೊತ್ತು ಕಾಪಾಡಿಕೊಳ್ಳುತ್ತದೆ. ಮೊದಲು ಏರುವುದು ನಾಡಿ, ಒತ್ತಡ ಇಳಿಯುವುದು ಕೊನೆಗೆ, ಇಳಿದರೆ ಒಮ್ಮೆಲೇ. ನಾಡಿಯ ಸಂಖ್ಯೆ ಮೇಲಿನ ಒತ್ತಡದ ಸಂಖ್ಯೆಯನ್ನು ದಾಟಿತೆಂದರೆ ರೋಗಿ ಗಂಡಾಂತರದಲ್ಲಿದ್ದಾಳೆ ಎಂದೇ ತಿಳಿಯಬೇಕು. ನನ್ನ ವಿದ್ಯಾರ್ಥಿನಿಯರಿಗೆ ನಾನು ವರ್ಷವರ್ಷವೂ ಹೇಳುವ ಈ ಮಾತನ್ನು ಒಬ್ಬ ನರ್ಸ್ ರಾತ್ರಿ ಪಾಳಿಯಲ್ಲಿ ಯಾರೂ ಹೇಳದೆಯೇ ಪಾಲಿಸಿದ್ದನ್ನು ಕಂಡು ನನಗೆ ಆ ಆತಂಕದಲ್ಲೂ ಸಮಾಧಾನವಾಯಿತು. ಸ್ವಲ್ಪ ಹೊತ್ತಿನಲ್ಲಿ ಲ್ಯಾಬಿನಿಂದ ಹಿಮೋಗ್ಲೋಬಿನ್ 10.6 ಎಂದು ಬಂದಾಗ ಡ್ಯೂಟಿ ಡಾಕ್ಟರ್ ಅದನ್ನು ನೆಚ್ಚಿಕೊಳ್ಳಲಿಲ್ಲ. ರಕ್ತ ಹೋದ ಮೊದಲ ಗಂಟೆಗಳಲ್ಲಿ ಉಳಿದ ರಕ್ತದ ಸಾಂದ್ರತೆ ಹಾಗೆಯೇ ಇರುವುದರಿಂದ ಆ ಅಂಕಿ ನಷ್ಟವನ್ನು ತೋರಿಸುವುದಿಲ್ಲ ಎಂದು ಅವರೇ ತಮ್ಮನಿಗೆ ವಿವರಿಸಿದರು.

ಈ ಆಸ್ಪತ್ರೆಗೆ ನಾನು ಪೂರ್ತಿ ಅಂಕ ಕೊಡುವುದು ಆಮೇಲೆ ನಡೆದದ್ದಕ್ಕೆ. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಂಚದ ಸುತ್ತ ನಾನು, ನನ್ನ ತಮ್ಮ, ನಮ್ಮ ಅಮ್ಮ ನಿಂತಿದ್ದೆವು. “ಆಪರೇಷನ್ ಆಗಿದೆ ಡಾಕ್ಟ್ರೇ, ಆ ಥರದ್ದೇನೂ ಇಲ್ಲ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ ಗ್ಯಾಸ್ ಆಗಿರಬೇಕು” ಎಂದು ಅಮ್ಮ ಹೇಳುತ್ತಿದ್ದರು. ವೈದ್ಯೆ ಅವರನ್ನು ಗದರಲಿಲ್ಲ. “ಅಮ್ಮ, ನೀವೆಲ್ಲ ಎರಡು ನಿಮಿಷ ಪರದೆ ಆಚೆ ಇರಿ, ಎಲ್ಲರ ಹತ್ರನೂ ಹೀಗೇ ಒಬ್ಬರನ್ನೇ ಕೇಳ್ತೀವಿ” ಎಂದರು. ನಾನೂ ಹೊರಗೆ ಬಂದೆ. ಪರದೆ ಬಟ್ಟೆಯದಾದ್ದರಿಂದ ಮಾತು ಸ್ವಲ್ಪ ಕೇಳಿಸುತ್ತಿತ್ತು. ಇದನ್ನು ಆಸ್ಪತ್ರೆಯವರು ಸರಿಪಡಿಸಬೇಕು. ಆದರೆ ಕೇಳಿದ ಪ್ರಶ್ನೆಗಳು ಸರಿಯಾಗಿದ್ದವು. ಕೊನೆಯ ಮುಟ್ಟು ಯಾವಾಗ ಎಂದು ಕೇಳಿ ತಾರೀಕು ಬರೆದುಕೊಳ್ಳುವುದನ್ನು ಎಲ್ಲರೂ ಮಾಡುತ್ತಾರೆ. ಇವರು ಅದರ ಮುಂದಿನ ಪ್ರಶ್ನೆಯನ್ನೂ ಕೇಳಿದರು: ಅದು ಎಂದಿನಂತೆಯೇ ಆಯಿತೇ, ಎಷ್ಟು ದಿನ, ಎಷ್ಟು ಹೋಯಿತು, ಅದಕ್ಕೂ ಹಿಂದಿನದು ಯಾವಾಗ? ನನ್ನ ತಮ್ಮನ ಹೆಂಡತಿ ಮುಟ್ಟೆಂದು ಭಾವಿಸಿದ್ದು ಸುಮಾರು ಹದಿನೈದು ದಿನದ ಹಿಂದೆ ಕಂಡ, ಎರಡೇ ದಿನದಲ್ಲಿ ನಿಂತುಹೋದ ಕಂದುಬಣ್ಣದ ಸ್ರಾವವನ್ನು. ನಿಜವಾದ ಮುಟ್ಟು ನಿಂತು ಏಳು ವಾರ ಕಳೆದಿತ್ತು. ಭುಜದಲ್ಲಿ ನೋವಿದೆಯೇ ಎಂದೂ ಕೇಳಿದರು. ಮಲಗಿದಾಗ ಬಲಭುಜದ ತುದಿ ನೋಯುತ್ತದೆ ಎಂದಳು. ಹೊಟ್ಟೆಯೊಳಗೆ ಸೋರಿದ ರಕ್ತ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆಯನ್ನು ಕೆರಳಿಸಿದಾಗ, ಅದರ ನರ ಕುತ್ತಿಗೆಯಿಂದ ಬರುವುದರಿಂದ, ನೋವು ಭುಜದಲ್ಲಿ ತಿಳಿಯುತ್ತದೆ. ಬೆಳಿಗ್ಗೆಯಿಂದ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೊಟ್ಟೆನೋವಿಗೂ ಭುಜಕ್ಕೂ ಏನು ಸಂಬಂಧ ಎಂದು ಸುಮ್ಮನಿದ್ದಳಂತೆ.

ಆಮೇಲೆ ಗರ್ಭಪರೀಕ್ಷೆಯ ಕಿಟ್. ನೂರು ರೂಪಾಯಿಯೂ ಬೀಳದ, ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ ಅದು. ಅವಳನ್ನು ಎಬ್ಬಿಸಿ ಶೌಚಾಲಯಕ್ಕೆ ನಡೆಸದೆ ಮಲಗಿದಲ್ಲಿಯೇ ಬೆಡ್‌ಪ್ಯಾನ್ ಇಟ್ಟು ಮೂತ್ರ ಪಡೆದರು. ನರ್ಸ್ ಕಿಟ್ಟಿನ ಕುಳಿಗೆ ಮೂರು ಹನಿ ಬಿಟ್ಟು, ಗಡಿಯಾರ ನೋಡಿಕೊಂಡು, ಟ್ರೇಯ ಮೇಲೆ ಸಮನಾಗಿ ಇಟ್ಟರು. ಕಿಟ್ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸಿ ಎಂಬ ಅಕ್ಷರದ ಎದುರು ಗೆರೆ ಕೂಡಲೇ ಮೂಡಿತು. ಗರ್ಭವಿದ್ದರೆ ಗೆರೆ ಮೂಡಬೇಕಾದ ಟಿ ಎಂಬಲ್ಲಿ ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ಗುಲಾಬಿ ಗೆರೆ ಎದ್ದಿತು. ತೆಳುವಾದ ಗೆರೆಯೂ ಗೆರೆಯೇ ಎಂದು ವೈದ್ಯೆ ಹಾಳೆಯಲ್ಲಿ ಪಾಸಿಟಿವ್ ಎಂದು ಬರೆದರು. ಮೂತ್ರ ತೆಳುವಾಗಿದ್ದರೆ ಕಿಟ್ ಅಪರೂಪಕ್ಕೆ ತಪ್ಪಬಹುದಾದ್ದರಿಂದ ರಕ್ತದಲ್ಲಿ ಹಾರ್ಮೋನಿನ ಪ್ರಮಾಣ ನೋಡಲು ಮಾದರಿಯನ್ನೂ ಕಳಿಸಿದರು. ಫಲಿತಾಂಶವನ್ನು ಮೊದಲು ಹೇಳಿದ್ದು ರೋಗಿಗೆ, ಆಮೇಲೆ ಅವಳನ್ನು ಕೇಳಿ ನಮಗೆ.

ಆಪರೇಷನ್ ಆದವಳಿಗೆ ಗರ್ಭ ಹೇಗೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದರು. ಇನ್ನೂ ಕೆಲವರು ಕೇಳಬಾರದ್ದನ್ನು ಮನಸ್ಸಿನಲ್ಲಿ ಕೇಳಿಕೊಂಡಿರಬಹುದು. ಆದ್ದರಿಂದ ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಸಂತಾನಹರಣ ಶಸ್ತ್ರಚಿಕಿತ್ಸೆ ಬಹಳ ನಂಬಿಕೆಯ ವಿಧಾನವೇ ಹೌದು, ಆದರೆ ನೂರಕ್ಕೆ ನೂರು ಅಲ್ಲ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವರ್ಷಗಳ ಅವಧಿಯಲ್ಲಿ ಸಾವಿರಕ್ಕೆ 18ರಷ್ಟು ಮಂದಿಗೆ ಗರ್ಭ ನಿಂತಿತ್ತು. ಹಾಗೆ ನಿಂತ ಗರ್ಭಗಳಲ್ಲಿ ಸುಮಾರು ಮೂರರಲ್ಲಿ ಒಂದು ಗರ್ಭಕೋಶದ ಹೊರಗಿತ್ತು. ಸಾಮಾನ್ಯ ಗರ್ಭಗಳಲ್ಲಿ ಈ ಪ್ರಮಾಣ ನೂರಕ್ಕೆ ಒಂದೋ ಎರಡೋ. ಅಂದರೆ ಆಪರೇಷನ್ ಆದವಳಿಗೆ ಗರ್ಭ ನಿಲ್ಲುವುದು ಅಪರೂಪ, ನಿಂತರೆ ಅದು ಗರ್ಭನಾಳದಲ್ಲಿರುವ ಸಂಭವ ಬಹಳ ಹೆಚ್ಚು. ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಇದೇ ಶಸ್ತ್ರಚಿಕಿತ್ಸೆಯನ್ನು ನೆಚ್ಚಿಕೊಂಡಿರುವಾಗ, ಆಪರೇಷನ್ ಆಗಿದೆ ಎಂಬ ಒಂದು ಮಾತಿಗೆ ಕಿಟ್ಟನ್ನು ಪಕ್ಕಕ್ಕಿಡುವ ಆಸ್ಪತ್ರೆ ಇಂಥವರನ್ನೇ ಕೈಬಿಟ್ಟಂತಾಗುತ್ತದೆ. ಈ ಆಸ್ಪತ್ರೆಯ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿದ ಒಂದು ಹಾಳೆಯಲ್ಲಿ, 12ರಿಂದ 50 ವರ್ಷದವರೆಗಿನ ಪ್ರತಿಯೊಬ್ಬ ಹೆಣ್ಣುಮಗಳಿಗೂ ಹೊಟ್ಟೆನೋವಿದ್ದರೆ ಮೂತ್ರದ ಗರ್ಭಪರೀಕ್ಷೆ ಕಡ್ಡಾಯ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಆ ರಾತ್ರಿ ಅದನ್ನು ಅಕ್ಷರಶಃ ಪಾಲಿಸಿದರು.

ನೋವಿನ ಔಷಧಿಯ ವಿಷಯದಲ್ಲೂ ಅವರ ನಡೆ ಸರಿಯಾಗಿತ್ತು. ಸರ್ಜನ್ ಬಂದು ಮುಟ್ಟಿ ನೋಡುವವರೆಗೆ ನೋವು ತಗ್ಗಿಸಬಾರದು, ತಗ್ಗಿಸಿದರೆ ಲಕ್ಷಣಗಳು ಮುಚ್ಚಿಹೋಗುತ್ತವೆ ಎಂದು ಹಿಂದೆ ನಮಗೆಲ್ಲ ಕಲಿಸಿದ್ದರು. ಆ ಮೇಲೆ ನಡೆದ ಅಧ್ಯಯನಗಳು ಅದರಿಂದ ರೋಗಪತ್ತೆ ತಪ್ಪುವುದಿಲ್ಲವೆಂದು ತೋರಿಸಿವೆ. ಇಲ್ಲಿ ಎರಡು ಕೈಗಳಿಗೂ ದಪ್ಪ ಕ್ಯಾನುಲಾ ಹಾಕಿ, ಡ್ರಿಪ್ಸ್ ಏರಿಸಿ, ಮೊದಲ ಹದಿನೈದು ನಿಮಿಷದಲ್ಲಿಯೇ ನೋವಿಗೆ ಔಷಧಿ ಕೊಟ್ಟರು. ಅದೇ ಸೂಜಿಯಲ್ಲಿ ತೆಗೆದ ರಕ್ತದಿಂದ ಗುಂಪು ಮತ್ತು ಹೊಂದಾಣಿಕೆಗೆ ಮಾದರಿ ಕಳಿಸಿದರು. ಈ ಆಸ್ಪತ್ರೆಗೆ ಸ್ವಂತ ರಕ್ತನಿಧಿಯಿಲ್ಲ. ಮಾದರಿ ತೆಗೆದುಕೊಂಡು ತಮ್ಮನೇ ಸ್ಕೂಟರಿನಲ್ಲಿ ಬೇರೆಡೆಗೆ ಹೋಗಬೇಕಾಯಿತು. ಮೊದಲೇ ಕಳಿಸಿದ್ದರಿಂದ ಶಸ್ತ್ರಚಿಕಿತ್ಸೆಯ ಹೊತ್ತಿಗೆ ರಕ್ತ ಕೈಸೇರಿತ್ತು.

ಸ್ಕ್ಯಾನಿಂಗಿನ ಬಗ್ಗೆ ಮಾತ್ರ ಇದೇ ಮಾತು ಹೇಳಲಾರೆ. ರಾತ್ರಿ ರೇಡಿಯಾಲಜಿಸ್ಟ್ ಆಸ್ಪತ್ರೆಯಲ್ಲಿ ಇರುವುದಿಲ್ಲ, ಫೋನ್ ಮಾಡಿದ ಮೇಲೆ ಮನೆಯಿಂದ ಬರಬೇಕು. ಅವರು ಬರುವ ಮುಂಚೆ ಸ್ಕ್ಯಾನಿಂಗ್ ಕೋಣೆಯ ಸಿಬ್ಬಂದಿಯೊಬ್ಬರು ಬಂದು, ಒಂದು ಲೀಟರ್ ನೀರು ಕುಡಿಸಿ, ಮೂತ್ರ ಕಟ್ಟಿದ ಮೇಲೆ ಕರೆದುಕೊಂಡು ಬನ್ನಿ ಎಂದರು. ಸ್ವಲ್ಪ ಹೊತ್ತಿನಲ್ಲಿ ಅರಿವಳಿಕೆ ಪಡೆಯಬೇಕಾಗಬಹುದಾದ ರೋಗಿಗೆ ನೀರು ಕುಡಿಸುವುದು ತಪ್ಪು. ಮೂತ್ರ ಕಟ್ಟುವವರೆಗೆ ಕಾಯುವುದು ಇನ್ನೂ ದೊಡ್ಡ ತಪ್ಪು. ಯೋನಿಯ ಮೂಲಕ ಮಾಡುವ ಸ್ಕ್ಯಾನಿಗೆ ಮೂತ್ರಕೋಶ ಖಾಲಿ ಇರಬೇಕು, ಅದರಲ್ಲಿ ಗರ್ಭನಾಳ ಮತ್ತು ಅಂಡಾಶಯ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಡ್ಯೂಟಿ ಡಾಕ್ಟರ್ ನೀರಿನ ಮಾತನ್ನು ಅಲ್ಲಿಯೇ ತಡೆದರು. ಆದರೆ ಬೇರೆ ಯಾರಾದರೂ ಡ್ಯೂಟಿಯಲ್ಲಿದ್ದಿದ್ದರೆ ನನ್ನ ತಮ್ಮ ಬಾಟಲಿ ಹಿಡಿದುಕೊಂಡು ಕೂರುತ್ತಿದ್ದ ಎಂಬುದರಲ್ಲಿ ಅನುಮಾನವಿಲ್ಲ. ತಪಾಸಣೆಗೆಂದು ಹಗಲು ಬರುವವರಿಗಾಗಿ ಮಾಡಿದ ಸೂಚನೆಯನ್ನು ತುರ್ತು ರೋಗಿಗಳಿಗೂ ಹೇಳುವುದನ್ನು ಆಡಳಿತದವರು ನಿಲ್ಲಿಸಲೇಬೇಕು.

ತುರ್ತು ಕೋಣೆಯಲ್ಲಿಯೇ ಒಂದು ಸಣ್ಣ ಸ್ಕ್ಯಾನಿಂಗ್ ಯಂತ್ರ ಏಕಿಲ್ಲ ಎಂದು ಕೇಳಿದೆ. ಪಿಸಿಪಿಎನ್‌ಡಿಟಿ ಕಾಯ್ದೆಯ ಕಾರಣ ಕೊಟ್ಟರು. ಭ್ರೂಣದ ಲಿಂಗಪತ್ತೆ ತಡೆಯಲು 1994ರಲ್ಲಿ ಬಂದ ಆ ಕಾಯ್ದೆ ನಮಗೆ ಬೇಕೇ ಬೇಕು; ಪ್ರತಿ ಯಂತ್ರವೂ ನೋಂದಣಿಯಾಗಬೇಕು, ಅರ್ಹತೆಯುಳ್ಳವರೇ ನಡೆಸಬೇಕು, ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಎಫ್ ನಮೂನೆ ತುಂಬಬೇಕು. ಆದರೆ ಆ ಕಾಯ್ದೆಯಲ್ಲಿ, ನೋಂದಾಯಿತ ಆಸ್ಪತ್ರೆ ತನ್ನ ಒಳರೋಗಿಗಳಿಗಾಗಿ ಅದೇ ಆವರಣದಲ್ಲಿ ಎತ್ತಿಡಬಹುದಾದ ಯಂತ್ರವನ್ನು ನೋಂದಾಯಿಸಿಕೊಂಡು ಬಳಸಲು ಅವಕಾಶವಿದೆ. ಕಾಗದಪತ್ರದ ಕೆಲಸಕ್ಕೆ ಹಿಂಜರಿದು ಅದನ್ನು ಕೈಬಿಟ್ಟಿದ್ದಾರೆ ಎಂಬುದು ನನ್ನ ಅಭಿಪ್ರಾಯ. ರೇಡಿಯಾಲಜಿಸ್ಟ್ ಬಂದ ಮೇಲೆ ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವಿನ ಸಂದಿಯಲ್ಲಿ ಕಪ್ಪು ಪಟ್ಟಿಯಂತೆ ದ್ರವ ಕಾಣಲು ಎರಡು ನಿಮಿಷ ಹಿಡಿಯಲಿಲ್ಲ. ಗರ್ಭಕೋಶ ಖಾಲಿ, ಬಲಗಡೆ ಅಂಡಾಶಯದ ಪಕ್ಕದಲ್ಲಿ ಗಡ್ಡೆ, ಹೊಟ್ಟೆಯ ತುಂಬ ರಕ್ತ. ಆ ಎರಡು ನಿಮಿಷದ ಪರೀಕ್ಷೆಗಾಗಿ ಮುಕ್ಕಾಲು ಗಂಟೆ ಕಾದಿದ್ದೆವು.

ಪ್ರಸೂತಿ ತಜ್ಞೆ ಅಷ್ಟರಲ್ಲಿ ಬಂದಿದ್ದರು. ಒಡೆದ ಬಲ ಗರ್ಭನಾಳವನ್ನು ಆ ರಾತ್ರಿಯೇ ತೆಗೆದರು. ಅವಳು ಚೇತರಿಸಿಕೊಂಡಿದ್ದಾಳೆ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ವಿಮರ್ಶೆ ಅರ್ಧವಾಗುತ್ತದೆ. ಅದಕ್ಕೂ ಮುಂಚೆ ಇದೇ ವಿಭಾಗಕ್ಕೆ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಹಾಸ್ಟೆಲಿನಿಂದ ಕರೆತಂದಿದ್ದೆವು. ಇದ್ದಕ್ಕಿದ್ದಂತೆ ಎಡಗಡೆ ನುಲಿಯುವ ನೋವು, ಒಂದೇ ಸಮನೆ ವಾಂತಿ. ಆ ರಾತ್ರಿ ಡ್ಯೂಟಿಯಲ್ಲಿದ್ದ ಬೇರೊಬ್ಬ ವೈದ್ಯರು ಗೆಳತಿಯರ, ವಾರ್ಡನ್ನಿನ ಎದುರೇ “ಮದುವೆ ಆಗಿದೆಯಾ?” ಎಂದು ಕೇಳಿದರು. ಇಲ್ಲವೆಂದಳು. ಅಲ್ಲಿಗೆ ಆ ವಿಷಯ ಮುಗಿಯಿತು. ಗೋಡೆಯ ಮೇಲಿನ ಹಾಳೆ ಆಗಲೂ ಇತ್ತು. ನಾನು ಅದನ್ನು ತೋರಿಸಿದ ಮೇಲೆಯೇ ಕಿಟ್ ತಂದದ್ದು. ಪರೀಕ್ಷೆಯಲ್ಲಿ ಗರ್ಭ ಇರಲಿಲ್ಲ, ಆದರೆ ಅದನ್ನು ತಿಳಿದುಕೊಳ್ಳುವ ರೀತಿ ಅದಾಗಿರಲಿಲ್ಲ. ಮದುವೆಯ ಪ್ರಶ್ನೆಗೆ ಸಿಗುವ ಉತ್ತರ ವೈದ್ಯಕೀಯ ಮಾಹಿತಿಯಲ್ಲ. ಎಲ್ಲರೆದುರು ಕೇಳಿದರೆ ಯಾವ ಹುಡುಗಿಯೂ ಬೇರೆ ಉತ್ತರ ಕೊಡುವುದಿಲ್ಲ, ಕೊಡಬೇಕೆಂದು ನಿರೀಕ್ಷಿಸುವುದೂ ತಪ್ಪು.

ಅವಳ ಸ್ಕ್ಯಾನಿನಲ್ಲಿ ಎಡ ಅಂಡಾಶಯ ಏಳು ಸೆಂಟಿಮೀಟರಿನಷ್ಟು ದೊಡ್ಡದಾಗಿತ್ತು, ಡಾಪ್ಲರಿನಲ್ಲಿ ರಕ್ತಸಂಚಾರ ಕಾಣುತ್ತಿದೆ ಎಂದೂ ಬರೆದಿತ್ತು. ರಕ್ತ ಹರಿಯುತ್ತಿದೆ ಎಂದ ಮೇಲೆ ತಿರುಚಿಕೊಂಡಿಲ್ಲ ಎಂದು ತೀರ್ಮಾನಿಸಿ ಬೆಳಿಗ್ಗೆ ನೋಡೋಣ ಎಂದರು. ಅಂಡಾಶಯಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ, ಒಂದು ತನ್ನದೇ ಧಮನಿಯಿಂದ, ಇನ್ನೊಂದು ಗರ್ಭಕೋಶದ ಧಮನಿಯ ಕವಲಿನಿಂದ. ತಿರುಚಿಕೊಂಡಾಗ ಮೊದಲು ಅದುಮಿಹೋಗುವುದು ತೆಳುಗೋಡೆಯ ಅಭಿಧಮನಿಗಳು. ಧಮನಿಯ ಹರಿವು ಬಹಳ ಹೊತ್ತು ಉಳಿದಿರಬಹುದು. ಆದ್ದರಿಂದ ಡಾಪ್ಲರಿನಲ್ಲಿ ಹರಿವು ಕಂಡರೂ ಅಂಡಾಶಯ ತಿರುಚಿಲ್ಲವೆಂದು ಖಚಿತವಾಗಿ ಹೇಳಲಾಗದು. ಹಠಾತ್ ನೋವು, ವಾಂತಿ, ಐದು ಸೆಂಟಿಮೀಟರ್ ಮೀರಿದ ಅಂಡಾಶಯ ಈ ಮೂರೂ ಸೇರಿದರೆ ಪ್ರಸೂತಿ ತಜ್ಞರಿಗೆ ರಾತ್ರಿಯೇ ಫೋನ್ ಹೋಗಬೇಕು. ವರದಿ ಬರೆದವರನ್ನು ನಾನು ದೂರುವುದಿಲ್ಲ, ಅವರು ಕಂಡದ್ದನ್ನು ಬರೆದಿದ್ದಾರೆ. ದೂರು ಇರುವುದು ಆ ಫೋನ್ ಮಾಡದೆ ಇದ್ದದ್ದರ ಬಗ್ಗೆ. ಬೆಳಿಗ್ಗೆ ತಜ್ಞೆ ಹೊಟ್ಟೆ ಮುಟ್ಟಿ ನೋಡಿದವರೇ ಲ್ಯಾಪರೋಸ್ಕೋಪಿಗೆ ಕರೆದೊಯ್ದರು. ಅಂಡಾಶಯ ಎರಡು ಸುತ್ತು ತಿರುಚಿ ನೀಲಿಗಟ್ಟಿತ್ತು. ಬಣ್ಣ ಕೆಟ್ಟಿದೆಯೆಂದು ಕತ್ತರಿಸದೆ, ತಿರುಚು ಬಿಡಿಸಿ ಹಾಗೆಯೇ ಉಳಿಸಿದರು. ಕಪ್ಪಾಗಿ ಕಂಡ ಅಂಡಾಶಯವೂ ಎಷ್ಟೋ ಸಲ ಚೇತರಿಸಿಕೊಳ್ಳುವುದರಿಂದ ಈಗಿನ ಪದ್ಧತಿ ಅದೇ. ಆದರೆ ಆ ಹುಡುಗಿ ಒಂದು ಇಡೀ ರಾತ್ರಿ ನರಳಬೇಕಾಗಿರಲಿಲ್ಲ, ಅಂಡಾಶಯವನ್ನು ಅಷ್ಟು ಹೊತ್ತು ಅಪಾಯಕ್ಕೆ ಒಡ್ಡಬೇಕಾಗಿಯೂ ಇರಲಿಲ್ಲ. ಒಂದೇ ವಿಭಾಗ, ಗೋಡೆಯ ಮೇಲೆ ಅದೇ ಹಾಳೆ, ಯಾರ ಪಾಳಿ ಎಂಬುದರ ಮೇಲೆ ಇಷ್ಟು ವ್ಯತ್ಯಾಸ. ಆಡಳಿತದವರು ಯೋಚಿಸಬೇಕಾದ ಮುಖ್ಯ ಕೊರತೆ ಇದು.

ಅದೇ ಹಾಳೆಯಲ್ಲಿರುವ ಉಳಿದ ಎರಡು ಸೂಚನೆಗಳನ್ನೂ ಹೇಳಬೇಕು, ಏಕೆಂದರೆ ಬೇರೆ ಕಡೆ ಇವನ್ನು ಮರೆಯುವುದನ್ನು ಕಂಡಿದ್ದೇನೆ. ನಲವತ್ತು ದಾಟಿದವರಿಗೆ ಮೇಲುಹೊಟ್ಟೆಯ ನೋವಿದ್ದರೆ ಮೊದಲು ಇಸಿಜಿ. ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆ ಎದೆಗುಂಡಿಗೆಯ ಕೆಳಗಿನ ಉರಿಯಾಗಿ ಬರುವುದುಂಟು. ಐದು ತಿಂಗಳು ದಾಟಿದ ಗರ್ಭಿಣಿಗೆ ಮೇಲುಹೊಟ್ಟೆ ನೋವಿದ್ದರೆ ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್, ಪ್ಲೇಟ್‌ಲೆಟ್ ಮತ್ತು ಯಕೃತ್ತಿನ ಪರೀಕ್ಷೆ ಆಗುವವರೆಗೆ ಗ್ಯಾಸ್ಟ್ರಿಕ್ ಎಂದು ಬರೆಯುವಂತಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಮೊದಲಿನದನ್ನು ಇಲ್ಲಿ ತಪ್ಪದೆ ಮಾಡಿದರು. ಅವರಿಗೆ ಸಿಕ್ಕಿದ್ದು ಪಿತ್ತಕೋಶದ ಕಲ್ಲು.

ಖರ್ಚಿನ ವಿಷಯಕ್ಕೆ ಬಂದರೆ, ಮುಂಗಡ ಕಟ್ಟುವವರೆಗೆ ಚಿಕಿತ್ಸೆ ನಿಲ್ಲಿಸಲಿಲ್ಲ, ಬಿಲ್ಲಿನಲ್ಲಿ ಪ್ರತಿ ಪರೀಕ್ಷೆಯನ್ನೂ ಬಿಡಿಬಿಡಿಯಾಗಿ ತೋರಿಸಿದ್ದರು. ಬಿಡುಗಡೆಯ ಸಾರಾಂಶದಲ್ಲಿ ಮಾತ್ರ ಒಡೆದ ಗರ್ಭನಾಳದ ಗರ್ಭ ಎಂದಷ್ಟೇ ಬರೆದು, ಹಿಂದಿನ ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಸ್ತಾಪವನ್ನೇ ಬಿಟ್ಟಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಮಾಡಿಸಿದ ಆ ಶಸ್ತ್ರಚಿಕಿತ್ಸೆ ವಿಫಲವಾದರೆ ಕೇಂದ್ರ ಸರ್ಕಾರದ ಕುಟುಂಬ ಯೋಜನೆ ನಷ್ಟಭರ್ತಿ ಯೋಜನೆಯಡಿ ಪರಿಹಾರಕ್ಕೆ ಅರ್ಜಿ ಹಾಕಬಹುದು, ಅದಕ್ಕೆ ಗಡುವೂ ಇದೆ. ಈ ಮಾತನ್ನು ಅಲ್ಲಿ ಯಾರೂ ನಮಗೆ ತಿಳಿಸಲಿಲ್ಲ. ನಾನು ಮತ್ತೆ ಹೋಗಿ ಕೇಳಿದ ಮೇಲೆ ಪ್ರಸೂತಿ ತಜ್ಞೆ, ಆಪರೇಷನ್ ಆದ ವರ್ಷ, ಆಗ ಕೊಟ್ಟ ಪ್ರಮಾಣಪತ್ರದ ಉಲ್ಲೇಖ, ಹೊಟ್ಟೆ ತೆರೆದಾಗ, ಹಿಂದಿನ ಆಪರೇಷನ್ನಿನಲ್ಲಿ ಗರ್ಭನಾಳಗಳಿಗೆ ಹಾಕಿದ್ದ ಉಂಗುರಗಳು ಕಂಡ ಸ್ಥಿತಿ ಇಷ್ಟನ್ನೂ ಸೇರಿಸಿ ಸಾರಾಂಶವನ್ನು ತಿದ್ದಿ, ಸಹಿ ಮಾಡಿ, ಮೊಹರು ಹಾಕಿಸಿ ಕೊಟ್ಟರು. ಇಂಥ ಸಂದರ್ಭ ಬಂದವರು ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆಯೇ ಆ ಸಾಲುಗಳು ಇವೆಯೇ ಎಂದು ಓದಿ ನೋಡಿ, ಇಲ್ಲದಿದ್ದರೆ ಅಲ್ಲಿಯೇ ಬರೆಸಿಕೊಳ್ಳುವುದು ಒಳ್ಳೆಯದು. ಕುಟುಂಬ ಯೋಜನೆಯ ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.